ಹೊಲದ ಕೆಳಗಿನ ಪದರುಗಲ್ಲು

ಪಡಸಾಲೆಗೆ ಹಾಸಿದ ಶಹಾಬಾದ್ ಪರಸಿಯನ್ನು ಒಮ್ಮೆ ಅಂಚಿನಿಂದ ನೋಡಿರಿ. ಪದರ ಮೇಲೆ ಪದರು ಕೂತಂತೆ ಕಾಣುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಎಷ್ಟೋ ಹೊಲಗಳ ಕೆಳಗೆ ಇರುವುದು ಇದೇ ಸುಣ್ಣಕಲ್ಲು. ಬಹು ಪುರಾತನ ಕಾಲದಲ್ಲಿ ಆಳವಿಲ್ಲದ ಕಡಲಿನ ತಳದಲ್ಲಿ ಕೂಡಿದ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಗಿದೆ.

ಇಂಥ ಕಲ್ಲು ಹೇಗೆ ಆಗುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ದೊಡ್ಡ ಮಳೆ ಬಂದಾಗ ಹಳ್ಳದ ದಂಡೆಯಲ್ಲಿ ನಿಂತು ನೋಡಿರಿ. ನೀರಿನ ವೇಗ ತಗ್ಗಿದಂತೆ ಮೊದಲು ಗರಸು ನಿಲ್ಲುತ್ತದೆ, ಮುಂದೆ ಮರಳು, ಕೊನೆಗೆ ಕೆರೆಯ ನಿಂತ ನೀರಿನಲ್ಲಿ ಜೇಡಿ. ವರ್ಷವರ್ಷವೂ ಹೂಳಿನ ಮೇಲೆ ಹೂಳು ಬೀಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರಿನ ನೀರು ಹಿಂಡಿಹೋಗಿ, ನೀರಿನಲ್ಲಿ ಕರಗಿದ್ದ ಸುಣ್ಣ, ಸಿಲಿಕಾ, ಕಬ್ಬಿಣಗಳು ಕಣಗಳನ್ನು ಅಂಟಿನಂತೆ ಬೆಸೆಯುತ್ತವೆ.

ಚೂರುಗಳಿಂದಾದ ಪದರುಗಲ್ಲುಗಳನ್ನು ಕಣದ ಗಾತ್ರದ ಮೇಲೆ ವಿಂಗಡಿಸುತ್ತಾರೆ. 2 ಮಿಲಿಮೀಟರಿಗಿಂತ ದಪ್ಪನೆಯ ಉರುಟುಗಲ್ಲುಗಳು ಬೆಸೆದರೆ ಪಿಂಡಶಿಲೆ. ಅಲ್ಲಿಂದ ಸುಮಾರು 0.06 ಮಿಲಿಮೀಟರಿನವರೆಗೆ ಮರಳುಗಲ್ಲು. ಅದಕ್ಕಿಂತ ನುಣ್ಣನೆಯ ಕೆಸರು ಗಟ್ಟಿಯಾಗಿ ಹಾಳೆಯಂತೆ ಬಿಡಿಸಿಕೊಂಡರೆ ಜೇಡಿಪದರುಗಲ್ಲು. ಬಾದಾಮಿಯ ಗುಹೆಗಳನ್ನು ಕೊರೆದದ್ದು ಮರಳುಗಲ್ಲಿನಲ್ಲಿ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. (ಜೇಡಿ ಎಲ್ಲಿಂದ ಆರಂಭ ಎನ್ನುವಲ್ಲಿ ಮಾತ್ರ ಭೂವಿಜ್ಞಾನಿಗಳಿಗೂ ನಮಗೂ ಒಮ್ಮತವಿಲ್ಲ. ಅವರ ಗೆರೆ 0.004 ಮಿಲಿಮೀಟರ್, ಮಣ್ಣು ನೋಡುವ ನಮ್ಮದು 0.002.)

ಎರಡನೆಯ ಗುಂಪು, ಕರಗಿದ್ದ ಲವಣಗಳು ಕೆಳಗೆ ಕುಳಿತು ಆದದ್ದು: ಜಿಪ್ಸಂ, ಕಲ್ಲುಪ್ಪು, ಪೊಟ್ಯಾಷ್ ಲವಣಗಳು. ಮೂರನೆಯದು ಜೀವಿಗಳ ಅವಶೇಷದಿಂದಾದ ಕಲ್ಲಿದ್ದಲು ಮುಂತಾದವು. ಸುಣ್ಣಕಲ್ಲು ಈ ಎರಡೂ ಬಗೆಯಲ್ಲಿ ಹುಟ್ಟುತ್ತದೆ. ನೀವು ಕೊಳ್ಳುವ ಪೊಟ್ಯಾಷ್ ಒಣಗಿಹೋದ ಹಳೆಯ ಕಡಲಿನ ಉಪ್ಪು. ರಾಜಸ್ಥಾನದ ಝಾಮರಕೋಟ್ರಾದ ಶಿಲಾರಂಜಕವೂ ಪದರುಗಲ್ಲೇ.

ಈಗ ನಷ್ಟದ ಮಾತು. ಹಲವು ವರ್ಷಗಳ ಹಿಂದೆ ಒಬ್ಬ ರೈತರು ಮೋಸಂಬಿ ಹಾಕಬೇಕೆಂದು ಕೇಳಿದರು. ಮೇಲಿನ ಎರೆ ಒಂದೇ ಸಮನಾಗಿ ಚೆನ್ನಾಗಿತ್ತು. ನಾನು ಅರ್ಧ ಮೊಳವಷ್ಟೇ ಕೆದಕಿ ನೋಡಿ ಒಪ್ಪಿಗೆ ಕೊಟ್ಟೆ. ಮೂರನೆಯ ವರ್ಷ ಎಳೆಯ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರು. ಕೆಳಗೆ ಎರಡು ಮೊಳದಲ್ಲಿ ಸುಣ್ಣದ ಹರಳು, ಅದರಡಿ ಪರಸಿ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ತಪ್ಪು ನನ್ನದು, ಗಿಡ ಅವರದು.

ಭೀಮಾ ಸೀಮೆಯ ಉತ್ತರಕ್ಕೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಪ್ಪುಕಲ್ಲು ಈ ಸುಣ್ಣಕಲ್ಲನ್ನು ಮುಚ್ಚಿದೆ. ಎರೆ ಎರಡರ ಮೇಲೂ ಉಂಟು. ಆದ್ದರಿಂದ ಮೇಲಿನ ಬಣ್ಣ ನೋಡಿ ಕೆಳಗಿನ ಕಲ್ಲು ಹೇಳಲಾಗದು. ತೋಟ ಹಾಕುವ ಮೊದಲು ಮೂರ್ನಾಲ್ಕು ಕಡೆ ಎದೆಯುದ್ದ ಗುಂಡಿ ತೋಡಿರಿ. ಪ್ರತಿ ಮೊಳಕ್ಕೊಂದು ಹೆಂಟೆ ತೆಗೆದು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಡಿರಿ. ಕೈಗೆ, ಕಣ್ಣಿಗೆ ತಾಗದಿರಲಿ. ಜೋರಾಗಿ ನೊರೆಯೆದ್ದರೆ ಸುಣ್ಣ ಹೆಚ್ಚು. ಅಂಥಲ್ಲಿ ಮೋಸಂಬಿ, ದ್ರಾಕ್ಷಿಗಳ ಆಸೆ ಬಿಟ್ಟು ಜೋಳ, ಕಡಲೆ, ತೊಗರಿಯನ್ನೇ ನಂಬುವುದು ಲೇಸು. ಅಗ್ಗವೆಂದು ಶಿಲಾರಂಜಕ ಸುರಿಯಬೇಡಿರಿ: ಮಲೆನಾಡಿನ ಹುಳಿಮಣ್ಣಿನಲ್ಲಿ ಅದು ಕರಗುತ್ತದೆ, ಸುಣ್ಣದ ನೆಲದಲ್ಲಿ ಕಲ್ಲಾಗಿಯೇ ಉಳಿಯುತ್ತದೆ. ಈಗಾಗಲೇ ಗಿಡ ಹಳದಿಯಾಗಿದ್ದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿರಿ. ಹೊಸ ಚಿಗುರು ಬಂದಾಗ ಮತ್ತೆ ಸಿಂಪಡಿಸಬೇಕಾದೀತು.