ಹೊರಗಿನ ಪಾವಟಿಗೆ: ಆಪತ್ಕಾಲದ ಹಾದಿ



ಮೊದಲು ನಮ್ಮ ಹಳ್ಳಿಗಳಲ್ಲಿ ಮಾಳಿಗೆ ಏರಲು ಒಂದು ನಿಚ್ಚಣಿಕೆ ಇದ್ದರೆ ಸಾಕಾಗುತ್ತಿತ್ತು. ಈಗ ಶಾಲೆ, ಸಂಘದ ಕಟ್ಟಡ, ಕಲ್ಯಾಣ ಮಂಟಪಗಳು ಎರಡು ಅಂತಸ್ತು ಏರುತ್ತಲಿವೆ. ಕೆಳಗೆ ಗೋದಾಮು, ಮೇಲೆ ಸಭೆಯ ಕೋಣೆ. ಕೆಳಗೆ ಅಡಿಗೆಮನೆ, ಮೇಲೆ ಮಕ್ಕಳ ತರಗತಿ. ಕೆಳಗೆ ಬೆಂಕಿ ಹತ್ತಿದರೆ ಮೇಲಿದ್ದವರು ಇಳಿಯುವುದು ಹೇಗೆ?

ಇದು ಬರಿಯ ಊಹೆಯ ಮಾತಲ್ಲ. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಮೇಲಂತಸ್ತಿನ ಹುಲ್ಲಿನ ಚಾವಣಿಗೆ ಹತ್ತಿ ೯೪ ಮಕ್ಕಳು ತೀರಿಕೊಂಡರು. ಇಳಿಯುವ ಹಾದಿ ಇಕ್ಕಟ್ಟಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು ೯ ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಜಿಗಿದಿದ್ದರು.

ಹೊಗೆ ಮೇಲಕ್ಕೇರುವ ಸ್ವಭಾವದ್ದು. ಅಡಿಗೆಮನೆಯ ಬೆಳಕಿಂಡಿಯಂತೆ ಒಳಗಿನ ಪಾವಟಿಗೆಯೇ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಯಲಿಗೆ ತೆರೆದ ಇನ್ನೊಂದು ಪಾವಟಿಗೆ ಇದ್ದರೆ ಜೀವ ಉಳಿದೀತು. ಆದರೆ ಹೊರಗಿದ್ದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. ಬೆಂಕಿ ಅದನ್ನು ಮುಟ್ಟದಂತೆ ಕಟ್ಟಿರಬೇಕು. ಇದಕ್ಕೆ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ನಿಯಮಗಳಿವೆ. ಅವುಗಳಲ್ಲಿ ಮುಖ್ಯವಾದವು ಇವು:

೧. ಹೊರಗಿನ ಪಾವಟಿಗೆಯ ಬಾಗಿಲು ಒಳಗಿನ ಪಾವಟಿಗೆಯಿಂದ ದೂರ ಇರಬೇಕು. ಎರಡೂ ಒಂದೇ ಮೂಲೆಯಲ್ಲಿದ್ದರೆ ಒಂದೇ ಬೆಂಕಿ ಎರಡನ್ನೂ ಮುಚ್ಚೀತು.

೨. ಪಾವಟಿಗೆಯ ಮೇಲಾಗಲಿ, ಅದರ ಹತ್ತಿರವಾಗಲಿ ಕಿಟಕಿ ತೆರೆಯಕೂಡದು. ಕಿಟಕಿಯಿಂದ ಹೊರಚಾಚುವ ಜ್ವಾಲೆ ಇಳಿಯುವವರನ್ನು ಸುಡುತ್ತದೆ.

೩. ಸುಡದಂಥ ಸಾಮಗ್ರಿಯಿಂದಲೇ ಕಟ್ಟಬೇಕು, ಕಟ್ಟಿಗೆ ಬೇಡ. ಕಬ್ಬಿಣ ಉರಿಯದಿದ್ದರೂ ಕಾಯ್ದು ಬಲಗುಂದುತ್ತದೆ. ಆದುದರಿಂದ ಅದನ್ನು ಅಡಿಗೆಮನೆಯ ಗೋಡೆಗೆ ಹಚ್ಚಿ ನಿಲ್ಲಿಸಬಾರದು. ಪಾವಟಿಗೆಗೆ ಹೋಗುವ ಬಾಗಿಲು ಸಹ ಬೆಂಕಿಯನ್ನು ತಡೆಯುವಂಥದಿರಬೇಕು.

೪. ಅಗಲ ೧೨೫ ಸೆಂಟಿಮೀಟರಿಗೆ, ಅಂದರೆ ಸುಮಾರು ನಾಲ್ಕು ಅಡಿಗೆ, ಕಡಿಮೆ ಇರಬಾರದು. ಮೆಟ್ಟಿಲಿನಲ್ಲಿ ಕಾಲಿಡುವ ಜಾಗ ೨೫ ಸೆಂಟಿಮೀಟರು ಇರಲಿ. ಎತ್ತರ ೧೯ನ್ನು ಮೀರದಿರಲಿ. ಒಂದೇ ಏರಿನಲ್ಲಿ ೧೫ಕ್ಕಿಂತ ಹೆಚ್ಚು ಮೆಟ್ಟಿಲು ಬೇಡ.

೫. ಹಿಡಿದು ಇಳಿಯಲು ಒಂದು ಮೀಟರಿಗೆ ಕಡಿಮೆಯಿಲ್ಲದ ಎತ್ತರದ ಕಟಾಂಜನ ಬೇಕು. ಸುರುಳಿ ಪಾವಟಿಗೆ ೯ ಮೀಟರಿನೊಳಗಿನ, ಜನ ಕಡಿಮೆ ಸೇರುವ ಕಟ್ಟಡಕ್ಕೆ ಮಾತ್ರ. ನೂರಾರು ಮಕ್ಕಳ ಶಾಲೆಗೆ ಸಲ್ಲದು.

೬. ಪಾವಟಿಗೆ ನೇರವಾಗಿ ನೆಲಕ್ಕೆ ಮುಟ್ಟಬೇಕು, ಹಾದಿ ಯಾವಾಗಲೂ ತೆರವಾಗಿರಬೇಕು.

ಶಾಲಾ ಕಟ್ಟಡಗಳು ಸಂಹಿತೆಯ ಅಗ್ನಿಸುರಕ್ಷತೆಯ ನಿಯಮಗಳನ್ನು ಪಾಲಿಸತಕ್ಕದ್ದೆಂದು ಕುಂಭಕೋಣದ ದುರಂತದ ತರುವಾಯ, ೨೦೦೯ರಲ್ಲಿ, ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಇಷ್ಟೆಲ್ಲ ಕಟ್ಟಿಯೂ ನಾವು ತಪ್ಪುವುದು ಕೊನೆಯ ನಿಯಮದಲ್ಲಿ. ಪಾವಟಿಗೆಯ ಕೆಳಗೆ ನೆರಳಿದೆಯೆಂದು ಕುಳ್ಳು, ಕಣಿಕೆ, ಹತ್ತಿಯ ಅಂಡಿಗೆಗಳನ್ನು ಒಟ್ಟುತ್ತೇವೆ. ಮೆಟ್ಟಿಲ ಮೇಲೆ ಮುರಿದ ಬೆಂಚು ಇಡುತ್ತೇವೆ. ಕಳ್ಳರ ಅಂಜಿಕೆಯಿಂದ ಮೇಲಿನ ಬಾಗಿಲಿಗೆ ಕೀಲಿ ಜಡಿಯುತ್ತೇವೆ. ಕೀಲಿಕೈ ಯಾರದೋ ಮನೆಯಲ್ಲಿರುತ್ತದೆ. ಕೀಲಿ ಜಡಿದ ಪಾವಟಿಗೆ ಇದ್ದೂ ಇಲ್ಲದಂತೆ. ಒಳಗೆ ಜನ ಇರುವಷ್ಟು ಹೊತ್ತು ಆ ಬಾಗಿಲು ಒಳಗಿನಿಂದ ಕೈಯಿಂದಲೇ ತೆರೆಯುವಂತಿರಬೇಕು.

ಕಣಗಿನಹಾಳದವರು ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದರು. ಎಲ್ಲರ ಹಣವನ್ನು ಕಾಯಲು ಲೆಕ್ಕ ಬೇಕು, ಹೊಣೆಗಾರರು ಬೇಕು ಎಂಬುದು ನಮ್ಮ ಊರಿಗೆ ಹೊಸ ಪಾಠವಲ್ಲ. ಎಲ್ಲರ ಪಾವಟಿಗೆಗೂ ಅದೇ ಮಾತು. ಪ್ರತಿಯೊಂದು ಸಾರ್ವಜನಿಕ ಕಟ್ಟಡಕ್ಕೆ ಒಬ್ಬ ಹೊಣೆಗಾರನನ್ನು ನೇಮಿಸಿರಿ. ಅವನು ವಾರಕ್ಕೊಮ್ಮೆ ಬಾಗಿಲು ತೆರೆದು, ಮೆಟ್ಟಿಲು ಇಳಿದು, ಹಾದಿ ನೋಡಲಿ. ಶಾಲೆಯಲ್ಲಿ ಆಗಾಗ ಗಂಟೆ ಬಾರಿಸಿ ಮಕ್ಕಳನ್ನು ಅದೇ ಹಾದಿಯಿಂದ ಸಾಲಾಗಿ ಇಳಿಸಿರಿ. ಬೆಂಕಿ ಕಂಡರೆ ಮೊದಲು ಜನರನ್ನು ಹೊರಗೆ ಕಳಿಸಿ, ಕೂಡಲೇ ೧೦೧ ಇಲ್ಲವೆ ೧೧೨ಕ್ಕೆ ತಿಳಿಸಿರಿ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಈ ವಾರವೇ ನಿಮ್ಮೂರ ಶಾಲೆಯ ಹೊರಗಿನ ಪಾವಟಿಗೆಯನ್ನು ಒಮ್ಮೆ ಹತ್ತಿ ಇಳಿದು ನೋಡಿರಿ.