ತೂಕದ ಯಂತ್ರ ಹೇಳದ ಲೆಕ್ಕ

ಜಕ್ಕೂರು ಎಂದರೆ ಬೆಂಗಳೂರಿನವರಿಗೆ ಮೊದಲೆಲ್ಲ ನೆನಪಾಗುತ್ತಿದ್ದುದು ವಿಮಾನ ಹಾರಾಟ ಕಲಿಸುವ ಶಾಲೆ. ಈಗ ಅಲ್ಲಿನ ಕೆರೆಗೂ ಅಷ್ಟೇ ಹೆಸರು. ಬೆಳಕು ಹರಿಯುವ ಹೊತ್ತಿಗೆ ಕೆರೆಯ ದಂಡೆಯಲ್ಲಿ ನಡೆಯುವವರು, ಓಡುವವರು; ಅತ್ತ ಬಳ್ಳಾರಿ ರಸ್ತೆಯಲ್ಲಿ ಯಲಹಂಕ, ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆಗೆ ಸಾಗುವ ಸೈಕಲ್ ಸವಾರರು. 2008ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಹತ್ತು ಕಿಲೋಮೀಟರ್ ಓಟ ಆರಂಭವಾದ ಮೇಲೆ ದೂರದ ಓಟ ಕ್ರೀಡಾಪಟುಗಳ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಕಚೇರಿಗೆ ಹೋಗುವವರು, ಗೃಹಿಣಿಯರು, ನಿವೃತ್ತರು ಎಲ್ಲರೂ ಓಡುತ್ತಿದ್ದಾರೆ. ಬಹುಮಂದಿಗೆ ಗುರಿ ಎರಡು: ಹೊಟ್ಟೆಯ ಕೊಬ್ಬು ಕರಗಬೇಕು, ದಮ್ಮು ಹೆಚ್ಚಬೇಕು.

ಈ ಎರಡು ಗುರಿಗಳ ನಡುವೆ ಈಗ ಬಿಳಿ ಪುಡಿಯ ಡಬ್ಬಿಯೊಂದು ಬಂದು ಕುಳಿತಿದೆ. ಅದರ ಹೆಸರು ಕ್ರಿಯಾಟಿನ್. ಜಿಮ್‌ನಲ್ಲಿ ಭಾರ ಎತ್ತುವ ಹುಡುಗರ ಕೈಯಲ್ಲಿದ್ದ ಇದು ಓಟಗಾರರ ಚೀಲಕ್ಕೂ ಇಳಿದಿದೆ. ಗೊಂದಲ ಆರಂಭವಾಗುವುದು ಮೊದಲ ವಾರದಲ್ಲೇ. ಊಟ ಕಡಿಮೆ ಮಾಡಿ, ದಿನಾ ಓಡಿ, ಪುಡಿಯನ್ನೂ ಸೇವಿಸಿದವರು ತೂಕದ ಯಂತ್ರ ಹತ್ತಿದರೆ ಮುಳ್ಳು ಕೆಳಗಿಳಿಯುವ ಬದಲು ಒಂದೂವರೆ ಕಿಲೋ ಮೇಲೇರಿರುವುದುಂಟು. ಗಾಬರಿಯಾದವರು ಪುಡಿಯನ್ನು ಬಿಸಾಡುತ್ತಾರೆ, ಇಲ್ಲವೇ ಊಟ, ನೀರು ಎರಡನ್ನೂ ಇನ್ನಷ್ಟು ಕಡಿತ ಮಾಡುತ್ತಾರೆ. ಎರಡನೆಯದು ಅಪಾಯದ ದಾರಿ. ಏರಿದ ತೂಕ ಯಾವುದು ಎಂದು ತಿಳಿದುಕೊಂಡರೆ ಗಾಬರಿಯೂ ತಗ್ಗೀತು, ಅತಿಯಾದ ನಿರೀಕ್ಷೆಯೂ ತಗ್ಗೀತು.

ಮಾಂಸದ ಸಾರದಿಂದ ಬಂದ ಹೆಸರು

ಕ್ರಿಯಾಟಿನ್ ನಿನ್ನೆ ಮೊನ್ನೆಯ ಶೋಧವಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ 1832ರಲ್ಲಿ ಮಾಂಸದ ಸಾರದಿಂದ ಇದನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ‘ಕ್ರಿಯಾಸ್’ ಎಂದರೆ ಮಾಂಸ. ಹೆಸರು ಬಂದದ್ದು ಅಲ್ಲಿಂದ. ಬೇಟೆಯಲ್ಲಿ ಓಡಿ ಓಡಿ ಸತ್ತ ಕಾಡುನರಿಯ ಮಾಂಸದಲ್ಲಿ, ಸಾಕಿದ ನರಿಯ ಮಾಂಸದಲ್ಲಿರುವುದಕ್ಕಿಂತ ಹತ್ತರಷ್ಟು ಕ್ರಿಯಾಟಿನ್ ಇದೆ ಎಂದು 1847ರಲ್ಲಿ ಜರ್ಮನಿಯ ಯೂಸ್ಟಸ್ ಫಾನ್ ಲೀಬಿಗ್ ಬರೆದರು. ಓಟಕ್ಕೂ ಈ ವಸ್ತುವಿಗೂ ಏನೋ ನಂಟಿದೆ ಎಂಬ ಗುಮಾನಿ ಹುಟ್ಟಿದ್ದು ಹೀಗೆ.

ಆ ನಂಟು ಬಿಡಿಸಿಕೊಳ್ಳಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ಅದರಲ್ಲಿ ನಮ್ಮ ನೆರೆನಾಡಿನವರೊಬ್ಬರ ಪಾಲಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಹಾರ್ವರ್ಡ್ ಸೇರಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ಸೈರಸ್ ಫಿಸ್ಕೆ ಅವರೊಡನೆ 1927ರಲ್ಲಿ ಸ್ನಾಯುವಿನೊಳಗಿನ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಗುರುತಿಸಿದರು. ಅದೇ ವರ್ಷ ಬ್ರಿಟನ್ನಿನ ಎಗಲ್ಟನ್ ದಂಪತಿಯೂ ಬೇರೆಯಾಗಿ ಅದನ್ನು ಕಂಡಿದ್ದರು. ಇದೇ ಸ್ನಾಯುವಿನ ತುರ್ತು ಶಕ್ತಿಯ ಉಗ್ರಾಣ.

ಬಚ್ಚಲ ಒಲೆಯ ಲೆಕ್ಕ

ಹಳ್ಳಿಯ ಬಚ್ಚಲ ಒಲೆಯನ್ನು ನೆನೆದರೆ ಈ ಉಗ್ರಾಣದ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಹಂಡೆಯ ಕೆಳಗೆ ಮೊದಲು ಹಾಕುವುದು ಒಣ ತೆಂಗಿನ ಗರಿ. ಅದು ಧಗ್ಗನೆ ಹತ್ತಿಕೊಂಡು ಕ್ಷಣದಲ್ಲಿ ಬೂದಿಯಾಗುತ್ತದೆ. ಆಮೇಲೆ ಚಿಪ್ಪು, ಸಿಪ್ಪೆ. ಕೊನೆಗೆ ನಿಧಾನಕ್ಕೆ ಗಂಟೆಗಟ್ಟಲೆ ಉರಿಯುವ ಕೊರಡು. ದೇಹದಲ್ಲಿ ಫಾಸ್ಫೊಕ್ರಿಯಾಟಿನ್ ಗರಿಯಿದ್ದಂತೆ: ಎದ್ದು ಜಿಗಿಯಲು, ಭಾರ ಎತ್ತಲು, ನೂರು ಮೀಟರ್ ಓಡಲು ಸುಮಾರು ಹತ್ತು ಸೆಕೆಂಡು ಶಕ್ತಿ ಕೊಡುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಚಿಪ್ಪಿನಂತೆ. ಕೊಬ್ಬು ಕೊರಡು. ಹತ್ತು ಕಿಲೋಮೀಟರ್ ಓಟ, ಮ್ಯಾರಥಾನ್ ಎಲ್ಲ ನಡೆಯುವುದು ಮುಖ್ಯವಾಗಿ ಚಿಪ್ಪು ಮತ್ತು ಕೊರಡಿನ ಬಲದಿಂದ.

ಹೊರಗಿನಿಂದ ಕ್ರಿಯಾಟಿನ್ ತೆಗೆದುಕೊಂಡರೆ ಒಲೆಯ ಬಳಿಯ ಗರಿಯ ರಾಶಿ ದೊಡ್ಡದಾಗುತ್ತದೆ. ಕೊರಡು ಬೇಗ ಉರಿಯುವುದಿಲ್ಲ. ಕ್ರಿಯಾಟಿನ್ ಕೊಬ್ಬು ಕರಗಿಸುವ ಪುಡಿ ಎಂದು ಮಾರುವವರ ಮಾತು ನಿಲ್ಲದಿರುವುದು ಈ ಕಾರಣಕ್ಕೆ. ಕೊಬ್ಬು ಇಳಿಯುವುದು ದೇಹ ಖರ್ಚು ಮಾಡುವುದಕ್ಕಿಂತ ಕಡಿಮೆ ತಿಂದಾಗ ಮಾತ್ರ.

ಎಪ್ಪತ್ತು ಕಿಲೋ ತೂಗುವವರ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯಾಟಿನ್ ಇರುತ್ತದೆ. ಅದರಲ್ಲಿ ಶೇಕಡಾ 95 ಸ್ನಾಯುಗಳಲ್ಲಿ. ದಿನಕ್ಕೆ ಎರಡು ಗ್ರಾಂನಷ್ಟು ಕ್ರಿಯಾಟಿನಿನ್ ಆಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ. ಈ ಕೊರತೆಯಲ್ಲಿ ಒಂದು ಪಾಲನ್ನು ಮೂತ್ರಪಿಂಡ ಮತ್ತು ಯಕೃತ್ತು ತಯಾರಿಸಿ ತುಂಬುತ್ತವೆ. ಉಳಿದದ್ದು ಆಹಾರದಿಂದ ಬರಬೇಕು. ಒಂದು ಕಿಲೋ ಮಾಂಸ ಅಥವಾ ಮೀನಿನಲ್ಲಿ ನಾಲ್ಕೈದು ಗ್ರಾಂ ಸಿಗುತ್ತದೆ. ಹಾಲಿನಲ್ಲಿ ಇರುವುದು ಅತ್ಯಲ್ಪ. ರಾಗಿ, ಬೇಳೆ, ಬಾದಾಮಿಯಲ್ಲಿ ಇಲ್ಲವೆಂದೇ ಹೇಳಬಹುದು. ಮೈಸೂರಿನ ಗರಡಿಗಳಲ್ಲಿ ಪೈಲ್ವಾನರ ಊಟಕ್ಕೆ ಹಾಲು, ತುಪ್ಪ, ಬಾದಾಮಿಯ ಜತೆ ಮಾಂಸವೂ ಇತ್ತು. ಕ್ರಿಯಾಟಿನ್ ಒದಗಿಸುತ್ತಿದ್ದುದು ಆ ಕೊನೆಯದು. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಸಾಮಾನ್ಯವಾಗಿ ಕಡಿಮೆ. ಆದ್ದರಿಂದಲೇ ಪುಡಿ ತೆಗೆದುಕೊಂಡಾಗ ಅವರಲ್ಲಿ ಏರಿಕೆ ಹೆಚ್ಚಾಗಿ ಕಾಣುತ್ತದೆ.

ಏರಿದ್ದು ನೀರು

ಪುಡಿಯ ಇಂದಿನ ಬಳಕೆಗೆ ಬುನಾದಿ ಹಾಕಿದ್ದು 1992ರಲ್ಲಿ ರೋಜರ್ ಹ್ಯಾರಿಸ್, ಎರಿಕ್ ಹಲ್ಟ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಬಾಯಿಯ ಮೂಲಕ ಸೇವಿಸಿದ ಕ್ರಿಯಾಟಿನ್ ಮನುಷ್ಯನ ಸ್ನಾಯುವಿಗೆ ಸೇರುತ್ತದೆ ಎಂದು ಅವರು ತೋರಿಸಿದರು. ಅದೇ ವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಗೆದ್ದ ಬ್ರಿಟನ್ನಿನ ಓಟಗಾರರು ಇದನ್ನು ಬಳಸಿದ್ದರೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಬರೆದ ಮೇಲೆ ಪುಡಿಗೆ ಮಾರುಕಟ್ಟೆ ಹುಟ್ಟಿತು.

ದಿನಕ್ಕೆ 20 ಗ್ರಾಂನಂತೆ ಐದಾರು ದಿನ ತೆಗೆದುಕೊಂಡರೆ ಸ್ನಾಯುವಿನ ಸಂಗ್ರಹ ಸುಮಾರು ಶೇಕಡಾ 20ರಷ್ಟು ಏರುತ್ತದೆ. ದಿನಕ್ಕೆ ಮೂರು ಗ್ರಾಂ ಸಾಕೆಂದರೆ ಅದೇ ಮಟ್ಟ ಮುಟ್ಟಲು ನಾಲ್ಕು ವಾರ ಬೇಕು. ಕ್ರಿಯಾಟಿನ್ ಸ್ನಾಯುಕೋಶದೊಳಗೆ ಸೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ವಾರ ಏರುವ ಒಂದೆರಡು ಕಿಲೋ ಬಹುಮಟ್ಟಿಗೆ ಈ ನೀರೇ.

ಬೇಕಾದರೆ ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ತಿನ್ನಬೇಕು. ಒಂದೂವರೆ ಕಿಲೋ ಕೊಬ್ಬು ಒಂದೇ ವಾರದಲ್ಲಿ ಸೇರಬೇಕೆಂದರೆ ದಿನಕ್ಕೆ 1,600ಕ್ಕೂ ಹೆಚ್ಚು ಕ್ಯಾಲೊರಿ ಅಧಿಕವಾಗಬೇಕು. ಎಂದರೆ ಕುಳಿತು ಕೆಲಸ ಮಾಡುವ ಗಂಡಸಿನ ದಿನದ ಊಟದ ಮುಕ್ಕಾಲು ಪಾಲು. ಊಟ ಕಡಿಮೆ ಮಾಡಿದವರಲ್ಲಿ ಅದು ಸಾಧ್ಯವಿಲ್ಲ. ಇಂಥ ವಾರಗಳಲ್ಲಿ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಂಬಿಕೆಗೆ ಯೋಗ್ಯ. ತೂಕ ಏರಿದ್ದರೂ ಸೊಂಟದ ಸುತ್ತಳತೆ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ.

ಕೊಬ್ಬು ಇಳಿಸುವವರಿಗೆ ಕ್ರಿಯಾಟಿನ್‌ನಿಂದ ಒಂದು ಪರೋಕ್ಷ ಉಪಕಾರವುಂಟು. ಊಟ ಕಡಿತ ಮಾಡಿದಾಗ ಕೊಬ್ಬಿನ ಜತೆ ಸ್ನಾಯುವೂ ಸವೆಯುತ್ತದೆ. ಅದನ್ನು ತಡೆಯುವುದು ಭಾರ ಎತ್ತುವ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್. ಆ ವ್ಯಾಯಾಮದಲ್ಲಿ ಇನ್ನೊಂದೆರಡು ಬಾರಿ ಎತ್ತುವ ಕಸುವನ್ನು ಕ್ರಿಯಾಟಿನ್ ಕೊಡುತ್ತದೆ. ವ್ಯಾಯಾಮವೇ ಇಲ್ಲದಿದ್ದರೆ ಆ ಉಪಕಾರವೂ ಇಲ್ಲ.

ದೂರ ಓಡುವವರಿಗೆ

1993ರಲ್ಲಿ ಸ್ವೀಡನ್ನಿನ ಸಂಶೋಧಕರು ಕ್ರಿಯಾಟಿನ್ ಕೊಟ್ಟು ಓಟಗಾರರನ್ನು ಆರು ಕಿಲೋಮೀಟರ್ ಏರಿಳಿತದ ಹಾದಿಯಲ್ಲಿ ಓಡಿಸಿದರು. ತೂಕ ಏರಿತ್ತು, ಓಟ ತುಸು ನಿಧಾನವಾಗಿತ್ತು. 2018ರಲ್ಲಿ ಪ್ರಕಟವಾದ, 120 ಕಿಲೋಮೀಟರ್ ಸೈಕಲ್ ಸವಾರಿಯ ಅಧ್ಯಯನದಲ್ಲಿ ಒಟ್ಟು ಸಮಯ ಸುಧಾರಿಸಲಿಲ್ಲ. ಆದರೆ ಕೊನೆಯ ವೇಗದ ಹಂತಗಳಲ್ಲಿ ತುಳಿಯುವ ಬಲ ಹೆಚ್ಚಿತ್ತು.

ಇದನ್ನು ನಂದಿ ಬೆಟ್ಟದ ಏರಿಗೆ ಅನ್ವಯಿಸಬಹುದು. ಸವಾರ 65 ಕಿಲೋ, ಸೈಕಲ್ 10 ಕಿಲೋ ಎಂದಿಟ್ಟುಕೊಂಡರೆ ಒಂದೂವರೆ ಕಿಲೋ ನೀರು ಎಂದರೆ ಶೇಕಡಾ ಎರಡು ಹೆಚ್ಚು ಭಾರ. ಅರ್ಧ ಗಂಟೆಯ ಏರಿಯಲ್ಲಿ ಸುಮಾರು ಅರ್ಧ ನಿಮಿಷ ನಷ್ಟ. ಗುಂಪಿನ ನಡುವಿನಿಂದ ಮುನ್ನುಗ್ಗಬೇಕಾದ, ಗೆರೆಯ ಬಳಿ ಮಿಂಚಬೇಕಾದ ಸ್ಪರ್ಧೆಯಲ್ಲಾದರೆ ಇದೇ ಪುಡಿ ನೆರವಾದೀತು. ಒಂದೇ ಸಮನೆ ದೂರ ಓಡುವವರಿಗೆ ಲಾಭ ಕಡಿಮೆ. ಪ್ರಯೋಗ ಮಾಡುವುದಿದ್ದರೆ ಅಭ್ಯಾಸದ ತಿಂಗಳುಗಳಲ್ಲಿ ಮಾಡಬೇಕು. ಸ್ಪರ್ಧೆಯ ವಾರದಲ್ಲಿ ಹೊಸದಾಗಿ ಆರಂಭಿಸುವುದು ಜಾಣತನವಲ್ಲ.

ಮೂರು ಸಾವುಗಳ ಪಾಠ

1997ರ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಕಾಲೇಜುಗಳ ಮೂವರು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಕ್ರಿಯಾಟಿನ್ ಆಗ ಅಲ್ಲಿ ಭಾರಿ ಜನಪ್ರಿಯವಾಗಿತ್ತು. ಬೆರಳು ತಕ್ಷಣ ಅದರತ್ತ ತಿರುಗಿತು. ತನಿಖೆಯಲ್ಲಿ ಕಂಡದ್ದು ಬೇರೆ. ತೂಕದ ವರ್ಗಕ್ಕೆ ಇಳಿಯಲೆಂದು ಮೂವರೂ ನೀರು, ಆಹಾರ ಬಿಟ್ಟು, ಬೆವರು ಒಳಗೇ ಉಳಿಯುವ ಉಡುಪು ತೊಟ್ಟು, ಕಠಿಣ ವ್ಯಾಯಾಮ ಮಾಡಿದ್ದರು. ಮೈಯ ನೀರು ಬತ್ತಿ, ತಾಪ ಏರಿ ಪ್ರಾಣ ಹೋಗಿತ್ತು. ಮರುವರ್ಷ ಅಲ್ಲಿನ ಕಾಲೇಜು ಕುಸ್ತಿಯ ನಿಯಮಗಳೇ ಬದಲಾದವು. ಅವರು ಇಳಿಸಿದ್ದು ಕೊಬ್ಬನ್ನಲ್ಲ, ಬದುಕಿಸುವ ನೀರನ್ನು. ಕ್ರಿಯಾಟಿನ್‌ನಿಂದ ಏರಿದ ತೂಕಕ್ಕೆ ಹೆದರಿ ನೀರು ಬಿಡುವವರು ಹಿಡಿಯುವುದೂ ಇದೇ ದಾರಿಯನ್ನೇ.

ಡಾಕ್ಟರಿಗೆ ಹೇಳಬೇಕಾದ ಮಾತು

ಮೂತ್ರಪಿಂಡ ಹಾಳಾಗುತ್ತದೆಂಬ ಭಯ ಜನರಲ್ಲಿ ಬಲವಾಗಿದೆ. ಆರೋಗ್ಯವಂತ ವಯಸ್ಕರು ದಿನಕ್ಕೆ ಮೂರರಿಂದ ಐದು ಗ್ರಾಂ ಸೇವಿಸಿದಾಗ ಅಂಥ ಹಾನಿ ಅಧ್ಯಯನಗಳಲ್ಲಿ ಕಂಡಿಲ್ಲ. ಭಯಕ್ಕೆ ಒಂದು ಕಾರಣ ರಕ್ತಪರೀಕ್ಷೆ. ಮೂತ್ರಪಿಂಡದ ಸ್ಥಿತಿ ಅಳೆಯುವುದು ರಕ್ತದ ಕ್ರಿಯಾಟಿನಿನ್ ನೋಡಿ. ಕ್ರಿಯಾಟಿನ್ ತಿಂದವರಲ್ಲಿ, ಮೂತ್ರಪಿಂಡ ಚೆನ್ನಾಗಿದ್ದರೂ ಅದು ತುಸು ಏರಬಹುದು. ಪುಡಿಯ ವಿಷಯ ಡಾಕ್ಟರಿಗೆ ಹೇಳದಿದ್ದರೆ ಇಲ್ಲದ ರೋಗಕ್ಕೆ ಓಡಾಟ ತಪ್ಪದು. ಹೇಳಿದರೆ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆಯಿಂದ ಸಂಶಯ ನಿವಾರಿಸಿಕೊಳ್ಳಬಹುದು. ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು, ನಿತ್ಯ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಡಬ್ಬಿ ತೆರೆಯಬಾರದು.

ಸ್ಪರ್ಧೆಗಿಳಿಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕ್ರಿಯಾಟಿನ್ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿಲ್ಲ. ಆದರೆ ಡಬ್ಬಿಯಲ್ಲಿ ಅದೊಂದೇ ಇದೆಯೆಂಬ ಖಾತರಿ ಇರದು. 2000 ಮತ್ತು 2001ರಲ್ಲಿ ಜರ್ಮನಿಯ ಕಲೋನ್ ಪ್ರಯೋಗಾಲಯ ಹಲವು ದೇಶಗಳಿಂದ ತರಿಸಿ ಪರೀಕ್ಷಿಸಿದ 634 ಪೂರಕಗಳಲ್ಲಿ 94ರಲ್ಲಿ ಚೀಟಿಯಲ್ಲಿ ನಮೂದಿಸದ ಹಾರ್ಮೋನು ಸಂಬಂಧಿ ವಸ್ತುಗಳು ಸಿಕ್ಕಿದ್ದವು. ಬಗೆಬಗೆಯ ವಸ್ತುಗಳನ್ನು ಬೆರೆಸಿದ, ‘ಕೊಬ್ಬು ಕರಗಿಸುವ’ ಮಿಶ್ರಣಗಳಿಂದ ದೂರವಿದ್ದು, ಪರವಾನಗಿ ಸಂಖ್ಯೆ ನಮೂದಿಸಿರುವ ಬರಿಯ ಕ್ರಿಯಾಟಿನ್ ಮಾನೊಹೈಡ್ರೇಟ್ ಆರಿಸಿಕೊಳ್ಳುವುದು ಕ್ಷೇಮ.

ಕೊಬ್ಬು ಕರಗುವುದು ತಟ್ಟೆಯಲ್ಲಿ ಮಾಡಿದ ಮಿತದಿಂದ, ದಮ್ಮು ಬೆಳೆಯುವುದು ತಿಂಗಳುಗಟ್ಟಲೆಯ ಅಭ್ಯಾಸದಿಂದ. ಎರಡರಲ್ಲಿ ಯಾವುದನ್ನೂ ಒಂದು ಚಮಚ ಪುಡಿ ಮಾಡಿಕೊಡದು. ಅದು ಕೊಡುವುದು ಹತ್ತು ಸೆಕೆಂಡಿನ ಕಸುವು. ಅಷ್ಟರ ಅಗತ್ಯ ತಮಗಿದೆಯೇ ಎಂದು ಕೇಳಿಕೊಂಡ ಮೇಲೆ ಡಬ್ಬಿಗೆ ಹಣ ಕೊಡುವುದು ಒಳ್ಳೆಯದು.