ಕಾಲೇಜಿಗೆ ಬಂದ ತೊಟ್ಟಿಲು

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂಥ ಊರಿನಲ್ಲಿ ಕೂಸು ಹೊಸ್ತಿಲು ದಾಟಿತೆಂದರೆ ಮನೆಮಂದಿಗೆಲ್ಲ ಹಿಗ್ಗು. ಮೊದಲು ಬೋರಲು ಬೀಳುವುದು, ಆಮೇಲೆ ಅಂಬೆಗಾಲು, ಅನಂತರ ತಪ್ಪುಹೆಜ್ಜೆ, ತೊದಲುನುಡಿ. ಈ ಕ್ರಮವನ್ನು ಅಜ್ಜಿಯರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಅವರು ಬಲ್ಲ ಸಂಗತಿಯನ್ನೇ ಕಾಲ, ಅಳತೆ, ಕಾರಣಗಳೊಡನೆ ಕಲಿಸುವ ಶಾಸ್ತ್ರವೊಂದುಂಟು. ಅದೇ ಮಾನವ ವಿಕಾಸ.

ಹೆಸರು ಕೇಳಿದೊಡನೆ ಕೆಲವರಿಗೆ ಡಾರ್ವಿನ್ನನ ನೆನಪಾಗುತ್ತದೆ. ಇನ್ನು ಕೆಲವರಿಗೆ ವಿಶ್ವಸಂಸ್ಥೆಯು 1990ರಲ್ಲಿ ಹೊರತರಲಾರಂಭಿಸಿದ ಮಾನವ ಅಭಿವೃದ್ಧಿ ವರದಿಯ ನೆನಪು. ಈ ಶಾಸ್ತ್ರ ಅವೆರಡೂ ಅಲ್ಲ. ಗರ್ಭದಿಂದ ಮುಪ್ಪಿನವರೆಗೆ ಒಬ್ಬ ಮನುಷ್ಯನ ದೇಹ, ಬುದ್ಧಿ, ಮಾತು, ಭಾವನೆಗಳು ಬೆಳೆಯುವ ಬಗೆಯೇ ಇದರ ವಸ್ತು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896-1980) ಮಕ್ಕಳ ಆಲೋಚನೆಯ ಮೆಟ್ಟಿಲುಗಳನ್ನು ಗುರುತಿಸಿದರು. ಎರಿಕ್ ಎರಿಕ್ಸನ್ (1902-1994) ಇಡೀ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು.

ನಮ್ಮಲ್ಲಿ ಈ ವಿಷಯ ಬೆಳೆದುದು ಗೃಹವಿಜ್ಞಾನದ ಮಡಿಲಲ್ಲಿ. ಧಾರವಾಡದಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವು ಇಂದು ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆನಿಸಿದೆ. ಅಲ್ಲಿ ಮಾನವ ವಿಕಾಸಕ್ಕೇ ಒಂದು ವಿಭಾಗವಿದೆ. ಆದರೆ ಗೃಹವಿಜ್ಞಾನವೆಂದರೆ ಹುಡುಗಿಯರ ಅಡುಗೆಯ ಪಾಠವೆಂಬ ತಪ್ಪು ಕಲ್ಪನೆ ಅನೇಕರನ್ನು ದೂರವಿರಿಸಿತು. ರಾಜ್ಯದ ಪದವಿ ತರಗತಿಗಳಿಗೆ 2021ರಲ್ಲಿ ಮೇಜರ್, ಮೈನರ್ ಎಂಬ ಏರ್ಪಾಡು ಬಂದಿತು. 2024ರಲ್ಲಿ ಪದವಿಯ ಚೌಕಟ್ಟು ಮತ್ತೆ ಬದಲಾಯಿತು. ಚೌಕಟ್ಟು ಹೇಗಾದರೂ ಇರಲಿ, ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಮುಖ್ಯವಾಗಿ ಓದುವ ವಿದ್ಯಾರ್ಥಿ ಇದನ್ನು ಪೂರಕ ವಿಷಯವಾಗಿ ಏಕೆ ಓದಬೇಕು?

ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮೂರು ವರ್ಷ ತುಂಬಿದರೂ ಮಾತು ಬಾರದ ಮಗುವನ್ನು ಕಂಡಾಗ ಹಿರಿಯರು, “ಅವರಪ್ಪನೂ ತಡವಾಗಿಯೇ ಮಾತಾಡಿದ” ಎಂದು ಸಮಾಧಾನ ಹೇಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಇದ್ದೀತು. ಕೆಲವೊಮ್ಮೆ ಆ ಮಗುವಿಗೆ ಕಿವಿಯೇ ಕೇಳಿಸುತ್ತಿರುವುದಿಲ್ಲ! ಕೇಳದ ನುಡಿಯನ್ನು ಮಗು ಆಡುವುದೆಂತು? ನುಡಿ ಕಲಿಯಲು ಎಲ್ಲಕ್ಕಿಂತ ಹದವಾದುದು ಮೊದಲ ಕೆಲವು ವರ್ಷಗಳು. ಆ ಕಾಲವನ್ನು ಸಮಾಧಾನದ ಮಾತಿನಲ್ಲಿ ಕಳೆದರೆ ಮುಂದೆ ಗಳಿಸುವುದು ಬಹು ಕಷ್ಟ. ಹಾಗೆಯೇ, 18 ತಿಂಗಳಾದರೂ ಆಸರೆಯಿಲ್ಲದೆ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಇದಕ್ಕೆ ದಾರಿಗಳಿಲ್ಲದಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿರಿಸಿದ್ದು ತಿರುಮಕೂಡಲು ನರಸೀಪುರದಲ್ಲಿ; ಇಂದು ಅಂಗನವಾಡಿಗಳು ನಾಡಿನಾದ್ಯಂತ ಹರಡಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಆದರೆ ತಂಡ ಬರುವುದು ಎಂದೋ ಒಂದು ದಿನ. ಮಗುವನ್ನು ದಿನವೂ ಕಾಣುವವರು ಮನೆಯವರು, ನೆರೆಯವರು. ಸಂಶಯ ಮೊದಲು ಹುಟ್ಟಬೇಕಾದುದು ಅವರ ಮನಸ್ಸಿನಲ್ಲಿ.

ಪದವಿ ಪಡೆದವರೆಲ್ಲ ಶಿಕ್ಷಕರಾಗುವುದಿಲ್ಲ. ಬಹುಪಾಲು ಮಂದಿ ತಂದೆತಾಯಿಗಳಾಗುತ್ತಾರೆ, ವೃದ್ಧರಾದ ಹೆತ್ತವರನ್ನು ಸಲಹುತ್ತಾರೆ. ಆ ಕೆಲಸಕ್ಕೆ ಯಾವ ಮುಖ್ಯ ವಿಷಯವೂ ಅವರನ್ನು ಸಿದ್ಧಗೊಳಿಸುವುದಿಲ್ಲ. ಪೂರಕ ವಿಷಯವಾದರೂ ಸಿದ್ಧಗೊಳಿಸಲಿ. ಅಜ್ಜಿಯ ಅನುಭವ ಸುಳ್ಳಲ್ಲ; ಅದರ ಪಕ್ಕದಲ್ಲಿ ಕೂತು, “ಅಜ್ಜೀ, ಒಮ್ಮೆ ಕಿವಿ ತೋರಿಸಿಕೊಂಡು ಬರೋಣ” ಎನ್ನಬಲ್ಲ ಮೊಮ್ಮಗನೋ ಮೊಮ್ಮಗಳೋ ಮನೆಗೊಬ್ಬರಿದ್ದರೆ ಸಾಕು.